ಬೆಳಗಾಗುವಷ್ಟರಲ್ಲಿ ಒಂದು ಬದಿಗೆ ಕೂರುವ ಮೋಟರ್‌ಹೋಮ್: ಏರ್ ಸಸ್ಪೆನ್ಷನ್‌ನ ನಿಧಾನ ಸೋರಿಕೆ ಹುಡುಕುವುದು, ಸರಿಪಡಿಸುವುದು

ಸಂಜೆ ಸಮನಾಗಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ನೋಡಿದರೆ ಹಿಂದಿನ ಎಡಮೂಲೆಗೆ ಕೂತಿರುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಎದ್ದು ನಿಲ್ಲುತ್ತದೆ. ಓಡಿಸುವಾಗ ಯಾವ ತೊಂದರೆಯೂ ಕಾಣುವುದಿಲ್ಲ. ಹೀಗಾಗಿ ಬಹಳಷ್ಟು ಜನ ಇದನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟಿರುತ್ತಾರೆ. ಸೋರಿದ ಗಾಳಿಯನ್ನು ಯಾರಾದರೂ ತುಂಬಿಕೊಡಬೇಕಲ್ಲ, ಆ ಕೆಲಸ ಕಂಪ್ರೆಸರ್ ತಲೆ ಮೇಲೆ ಬೀಳುತ್ತದೆ. 12 ವೋಲ್ಟ್‌ನ ಸಣ್ಣ ಕಂಪ್ರೆಸರ್ ಇರುವ ಗಾಡಿಗಳಲ್ಲಿ ಮೊದಲು ಸುಟ್ಟುಹೋಗುವುದು ಅದೇ.

ನಿಧಾನ ಸೋರಿಕೆಯ ದೊಡ್ಡ ಕಿರಿಕಿರಿ ಅದು ಸದ್ದು ಮಾಡುವುದಿಲ್ಲ ಎನ್ನುವುದು. ಸದ್ದಿಲ್ಲದ್ದರಿಂದ ಎಲ್ಲರೂ ಊಹೆಗೆ ಇಳಿಯುತ್ತಾರೆ. ಕಣ್ಣಿಗೆ ಎದ್ದು ಕಾಣುವುದು ಏರ್ ಬ್ಯಾಗ್ (ಗಾಡಿಯ ಭಾರ ಹೊರುವ, ಗಾಳಿ ತುಂಬಿದ ರಬ್ಬರ್ ಚೀಲ), ಆದ್ದರಿಂದ ಬ್ಯಾಗ್ ಬದಲಿಸುತ್ತಾರೆ. ಮರುದಿನ ಅದೇ ಮೂಲೆ ಮತ್ತೆ ಕೂತಿರುತ್ತದೆ. ರಬ್ಬರ್ ಬ್ಯಾಗ್‌ಗಿಂತ ಅದಕ್ಕೆ ಬರುವ ಪೈಪಿನ ಜಾಯಿಂಟು, ವಾಲ್ವು, ಗೇಜಿನ ಹಿಂದಿನ ಫಿಟ್ಟಿಂಗು ಇವುಗಳ ಮೇಲೆ ಮೊದಲು ಅನುಮಾನ ಪಡಿ ಎಂಬುದು ನನ್ನ ಸಲಹೆ. ಇನ್ನೊಂದು ಮಾತು: ಸೋಪು ನೀರಿನ ಬಾಟಲಿಯನ್ನು ಕೊನೆಗೆ ಕೈಗೆತ್ತಿಕೊಳ್ಳಿ. ಮೊದಲು ಬೇಕಾಗಿರುವುದು ಅಳತೆ ಟೇಪು, ಗಡಿಯಾರ ಮತ್ತು ಒಂದು ಚೀಟಿ. ಯಾವ ಭಾಗ ಸೋರುತ್ತಿಲ್ಲ ಎಂದು ಒಂದೊಂದಾಗಿ ಖಚಿತಪಡಿಸಿಕೊಂಡು ಬಂದರೆ ಸೋಪು ಹಚ್ಚಬೇಕಾದ ಜಾಗ ನಾಲ್ಕೈದಕ್ಕೆ ಇಳಿಯುತ್ತದೆ.

ಗಾಡಿಯ ಕೆಳಗೆ ಹೋಗುವ ಮೊದಲು

ಗಾಳಿಯ ಮೇಲೆ ನಿಂತಿರುವ ಗಾಡಿಯ ಕೆಳಗೆ ಮೈ ತೂರಿಸಬೇಡಿ. ಫಿಟ್ಟಿಂಗ್ ಕಳಚಿದರೆ ಅಥವಾ ಬ್ಯಾಗ್ ಒಡೆದರೆ ಚಾಸಿಯು ಬಂಪ್ ಸ್ಟಾಪ್‌ವರೆಗೆ (ಅದು ಇನ್ನೂ ಕೆಳಗಿಳಿಯದಂತೆ ತಡೆಯುವ ಗಟ್ಟಿ ತುಂಡು) ಕ್ಷಣಮಾತ್ರದಲ್ಲಿ ಇಳಿಯುತ್ತದೆ. ಆಗ ನೆಲಕ್ಕೂ ಚಾಸಿಗೂ ನಡುವೆ ಉಳಿಯುವ ಜಾಗದಲ್ಲಿ ಮನುಷ್ಯನ ಎದೆ ಹಿಡಿಸುವುದಿಲ್ಲ. ಗಾಡಿಯ ಜೊತೆಗೇ ಬರುವ ಹೈಡ್ರಾಲಿಕ್ ಲೆವೆಲಿಂಗ್ ಜಾಕ್‌ಗಳನ್ನೂ ನಂಬುವಂತಿಲ್ಲ. ಅವು ಗಾಡಿಯನ್ನು ಸಮ ಮಾಡಲು ಇರುವವು, ಆಸರೆ ಕೊಡಲು ಅಲ್ಲ.

ಗಟ್ಟಿ ನೆಲದ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ತಯಾರಕರು ಹೇಳಿದ ಜಾಗದಲ್ಲೇ, ಆ ಭಾರ ತಡೆಯುವ ಸ್ಟ್ಯಾಂಡ್‌ಗಳನ್ನು ಚಾಸಿಯ ಕೆಳಗೆ ಇಡಿ. ದೊಡ್ಡ ಡೀಸೆಲ್ ಮೋಟರ್‌ಹೋಮ್‌ಗಳು 10 ಟನ್ ಮೀರುತ್ತವೆ, ಕಾರಿನ ಸ್ಟ್ಯಾಂಡ್ ಅಲ್ಲಿ ಕೆಲಸಕ್ಕೆ ಬಾರದು. ಸಾಧ್ಯವಿದ್ದರೆ ಗುಂಡಿಯಿರುವ ವರ್ಕ್‌ಶಾಪ್‌ನಲ್ಲಿ ಜಾಗ ಕೇಳಿಕೊಳ್ಳಿ. ಯಾರಾದರೂ ಕೆಳಗಿರುವಾಗ ಹೈಟ್ ಕಂಟ್ರೋಲ್ ವಾಲ್ವ್‌ನ (ಗಾಡಿಯ ಎತ್ತರಕ್ಕೆ ತಕ್ಕಂತೆ ಬ್ಯಾಗಿಗೆ ಗಾಳಿ ತುಂಬುವ, ಬಿಡುವ ವಾಲ್ವ್) ಲಿವರ್ ಮುಟ್ಟಬಾರದು, ಎಂಜಿನ್ ಸ್ಟಾರ್ಟ್ ಮಾಡಬಾರದು. ಎಲೆಕ್ಟ್ರಾನಿಕ್ ನಿಯಂತ್ರಣ ಇರುವ ಗಾಡಿಯಾದರೆ ಸರ್ವಿಸ್ ಮೋಡ್‌ಗೆ ಹಾಕಿ ಅಥವಾ ಕೈಪಿಡಿ ಹೇಳಿದಂತೆ ಸಿಸ್ಟಮ್ ಆಫ್ ಮಾಡಿ. ಇಲ್ಲದಿದ್ದರೆ ಗಾಡಿ ಎತ್ತಿದ್ದನ್ನು ಅದು ತನ್ನದೇ ಲೆಕ್ಕದಲ್ಲಿ ಅರ್ಥ ಮಾಡಿಕೊಂಡು ಗಾಳಿ ಬಿಡಲು ಶುರು ಮಾಡಬಹುದು. ಕಣ್ಣಿಗೆ ಕನ್ನಡಕ ಇರಲಿ. ಒತ್ತಡವಿರುವ ಯಾವ ಫಿಟ್ಟಿಂಗನ್ನೂ ಬಿಚ್ಚಬೇಡಿ, ಮೊದಲು ಆ ಭಾಗದ ಗಾಳಿಯನ್ನು ಪೂರ್ತಿ ಇಳಿಸಿ. ಗಾಳಿ ಇಳಿಸಿದರೆ ಬಾಡಿ ಕೆಳಗೆ ಬರುತ್ತದೆ, ಹಾಗಾಗಿ ಸ್ಟ್ಯಾಂಡ್‌ಗಳು ಅದಕ್ಕೂ ಮೊದಲೇ ತಮ್ಮ ಜಾಗದಲ್ಲಿರಬೇಕು.

ನಿಮ್ಮ ಗಾಡಿಯಲ್ಲಿರುವುದು ಯಾವ ಬಗೆ?

ಮೋಟರ್‌ಹೋಮ್‌ಗಳಲ್ಲಿ ಸಾಮಾನ್ಯವಾಗಿ ಮೂರು ಬಗೆ ಕಾಣುತ್ತವೆ.

ಮೊದಲನೆಯದು ದೊಡ್ಡ ಬಸ್ಸಿನ ಚಾಸಿಯಂಥದ್ದು. ಎಂಜಿನ್ನೇ ತಿರುಗಿಸುವ ಕಂಪ್ರೆಸರ್, ಗಾಳಿಯ ತೇವ ತೆಗೆಯುವ ಏರ್ ಡ್ರೈಯರ್, ಬ್ರೇಕಿಗೆ ಎರಡು ಟ್ಯಾಂಕ್, ಅವುಗಳಿಗೆ ಮೊದಲು ತೇವ ಹಿಡಿಯುವ ಒಂದು ಟ್ಯಾಂಕ್. ಗವರ್ನರ್ ಎಂಬ ಒತ್ತಡ ನಿಯಂತ್ರಕ ಸುಮಾರು 120ರಿಂದ 130 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಹೊತ್ತಿಗೆ ಕಂಪ್ರೆಸರ್‌ನ ಕೆಲಸ ನಿಲ್ಲಿಸುತ್ತದೆ. ಗಾಡಿಯ ಪೂರ್ತಿ ಭಾರ ಏರ್ ಬ್ಯಾಗ್‌ಗಳ ಮೇಲೇ ಇರುತ್ತದೆ. ಹೆಚ್ಚಿನವುಗಳಲ್ಲಿ ಹೈಟ್ ಕಂಟ್ರೋಲ್ ವಾಲ್ವ್‌ಗಳು ಮೂರು, ಸಾಮಾನ್ಯವಾಗಿ ಹಿಂದೆ ಎಡಕ್ಕೊಂದು ಬಲಕ್ಕೊಂದು, ಮುಂದೆ ಎರಡೂ ಬದಿಗೆ ಸೇರಿ ಒಂದು.

ಎರಡನೆಯದು ವ್ಯಾನ್ ಚಾಸಿಯ ಗಾಡಿಗಳಲ್ಲಿ ಲೀಫ್ ಸ್ಪ್ರಿಂಗ್‌ಗೆ ಸಹಾಯವಾಗಿ ಹಾಕಿಸುವ ಪುಟ್ಟ ಏರ್ ಬ್ಯಾಗ್. ಟೈರಿಗೆ ಇರುವಂಥ ವಾಲ್ವಿನಿಂದ ಕೈಯಾರೆ ಗಾಳಿ ತುಂಬಬಹುದು, ಅಥವಾ ಡ್ಯಾಶ್‌ಬೋರ್ಡ್ ಬಳಿ ಎರಡು ಮುಳ್ಳಿನ ಗೇಜೂ ಸ್ವಿಚ್ಚೂ ಇರುತ್ತದೆ. ಇಲ್ಲಿ ಬಹುಪಾಲು ಭಾರ ಹೊರುವುದು ಉಕ್ಕಿನ ಸ್ಪ್ರಿಂಗೇ.

ಮೂರನೆಯದು ಎತ್ತರದ ಸೆನ್ಸರ್, ವಿದ್ಯುತ್‌ನಿಂದ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್‌ಗಳ ಬ್ಲಾಕ್, ಕಂಪ್ಯೂಟರ್, ಸ್ವಂತ ವಿದ್ಯುತ್ ಕಂಪ್ರೆಸರ್ ಇರುವ ಪೂರ್ಣ ಏರ್ ಸಸ್ಪೆನ್ಷನ್.

ಈ ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ಅಳೆಯುವ ವಿಧಾನವೇ ಬೇರೆಯಾಗುತ್ತದೆ. ಪೂರ್ತಿ ಭಾರ ಹೊತ್ತ ಬ್ಯಾಗಿನ ಒಳಗಿನ ಒತ್ತಡವನ್ನು ನಿರ್ಧರಿಸುವುದು ಮೇಲಿರುವ ಭಾರ, ಒಳಗೆ ಎಷ್ಟು ಗಾಳಿ ಉಳಿದಿದೆ ಎಂಬುದಲ್ಲ. ಗಾಳಿ ಸೋರಿದಷ್ಟೂ ಬ್ಯಾಗ್ ಗಿಡ್ಡವಾಗುತ್ತದೆ, ಒತ್ತಡ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಚಾಸಿ ಬಂಪ್ ಸ್ಟಾಪ್ ಮೇಲೆ ಕೂತು ಭಾರ ಅತ್ತ ವರ್ಗವಾದ ಮೇಲಷ್ಟೇ ಒತ್ತಡ ಬೀಳತೊಡಗುತ್ತದೆ. ಅಂದರೆ ಬ್ಯಾಗಿಗೆ ಗೇಜ್ ಕಟ್ಟಿ ಕೂತರೆ ಅರ್ಧ ಗಾಳಿ ಹೋದರೂ ಮುಳ್ಳು ಮಿಸುಕುವುದಿಲ್ಲ. ಇಂಥ ಗಾಡಿಯಲ್ಲಿ ಎತ್ತರವನ್ನೇ ಅಳೆಯಬೇಕು. ಸಹಾಯಕ ಬ್ಯಾಗ್‌ನಲ್ಲಿ ಇದು ತಿರುಗುಮುರುಗು: ಎತ್ತರವನ್ನು ಸ್ಪ್ರಿಂಗ್ ಹಿಡಿದಿರುತ್ತದೆ, ಬೀಳುವುದು ಒತ್ತಡ. ಅಲ್ಲಿ ಗೇಜ್ ನೋಡಬೇಕು.

ಮೊದಲ ಹೆಜ್ಜೆ: ನಿಜಕ್ಕೂ ಸೋರುತ್ತಿದೆಯೇ?

ಗಾಡಿಯನ್ನು ಸಮತಟ್ಟಾದ ಜಾಗಕ್ಕೆ ಓಡಿಸಿಕೊಂಡು ಬಂದು, ಟ್ಯಾಂಕ್ ಪೂರ್ತಿ ತುಂಬುವವರೆಗೆ ಎಂಜಿನ್ ಓಡಿಸಿ, ನಿಲ್ಲಿಸಿ. ಲೆವೆಲಿಂಗ್ ಜಾಕ್ ಇಳಿಸಬೇಡಿ. ಎತ್ತರ ಅಳೆಯುವಾಗ ನೆಲದಿಂದ ಚಕ್ರದ ಕಮಾನಿಗೆ ಅಳೆಯುವ ಅಭ್ಯಾಸ ಹಲವರಿಗಿದೆ. ಆದರೆ ಅದರಲ್ಲಿ ಟೈರಿನ ಗಾಳಿ, ನೆಲದ ಏರಿಳಿತ ಎಲ್ಲವೂ ಸೇರಿಕೊಳ್ಳುತ್ತದೆ. ಆಕ್ಸಲ್‌ನ ಒಂದು ಬಿಂದುವಿನಿಂದ ನೇರ ಮೇಲಿರುವ ಚಾಸಿಯ ಒಂದು ಬಿಂದುವಿಗೆ ಅಳೆದರೆ ಶುದ್ಧ ಲೆಕ್ಕ ಸಿಗುತ್ತದೆ. ಆದರೆ ಹಾಗೆ ಅಳೆಯಲು ಗಾಡಿಯ ಕೆಳಗೆ ಮೈ ಹೋಗಬೇಕಾದರೆ ಬೇಡ, ಹೊರಗಿನಿಂದ ಕೈಗೆಟಕುವ ಜಾಗ ಸಿಗದಿದ್ದರೆ ಚಕ್ರದ ಮಧ್ಯದಿಂದ ಕಮಾನಿನ ಅಂಚಿಗೆ ಅಳೆಯಿರಿ. ಎರಡೂ ಬಿಂದುಗಳಿಗೆ ಬಣ್ಣದ ಚುಕ್ಕೆ ಇಡಿ, ಇಲ್ಲದಿದ್ದರೆ ಪ್ರತಿ ಸಲ ಟೇಪು ಬೇರೆ ಜಾಗದಲ್ಲಿ ಕೂರುತ್ತದೆ.

ನಾಲ್ಕೂ ಮೂಲೆಗಳ ಅಳತೆಯನ್ನು ಮಿಲಿಮೀಟರ್‌ನಲ್ಲಿ ಬರೆಯಿರಿ. ಜೊತೆಗೆ ಟ್ಯಾಂಕ್‌ಗಳ ಒತ್ತಡ, ಸಮಯ, ಹೊರಗಿನ ಉಷ್ಣತೆ. ಒಂದು ಗಂಟೆಯ ನಂತರ, ಮಲಗುವ ಮುನ್ನ, ಬೆಳಿಗ್ಗೆ, 24 ಗಂಟೆ ಮುಗಿದಾಗ ಮತ್ತೆ ಅಳೆಯಿರಿ. ಅಷ್ಟು ಹೊತ್ತು ಯಾರೂ ಒಳಗೆ ಹತ್ತಿ ಇಳಿಯದಿದ್ದರೆ, ನೀರಿನ ಟ್ಯಾಂಕ್ ಖಾಲಿ ಮಾಡದಿದ್ದರೆ ಒಳ್ಳೆಯದು.

ಉಷ್ಣತೆ ಯಾಕೆ ಬರೆಯಬೇಕು? ಸಹಾಯಕ ಬ್ಯಾಗ್‌ನಲ್ಲಿ ಮಧ್ಯಾಹ್ನ 30 ಡಿಗ್ರಿ ಇದ್ದಾಗ 4 ಬಾರ್ ತುಂಬಿದ್ದೀರಿ ಎಂದುಕೊಳ್ಳಿ. ನಸುಕಿಗೆ 10 ಡಿಗ್ರಿ. ಗೇಜ್ ತೋರಿಸುವುದು ವಾತಾವರಣದ ಒತ್ತಡಕ್ಕಿಂತ ಮೇಲಿನದನ್ನು ಮಾತ್ರ, ಆದ್ದರಿಂದ ನಿಜವಾದ ಒತ್ತಡ ಸುಮಾರು 5 ಬಾರ್. ಉಷ್ಣತೆ 303 ಕೆಲ್ವಿನ್‌ನಿಂದ (30 ಡಿಗ್ರಿ) 283ಕ್ಕೆ (10 ಡಿಗ್ರಿ) ಇಳಿದಾಗ ಅದು 4.67 ಆಗುತ್ತದೆ. ಗೇಜ್ ತೋರಿಸುವುದು 3.67. ಒಂದು ಹನಿ ಗಾಳಿಯೂ ಹೊರಹೋಗದೆ 0.33 ಬಾರ್, ಅಂದರೆ ಸುಮಾರು 5 ಪಿಎಸ್‌ಐ ಮಾಯ! ಪೂರ್ಣ ಏರ್ ಸಸ್ಪೆನ್ಷನ್‌ನಲ್ಲಿ ಇದೇ ತಂಪಿಗೆ ಬ್ಯಾಗಿನ ಗಾಳಿಯ ಗಾತ್ರ ಶೇ. 6–7ರಷ್ಟು ಕುಗ್ಗುತ್ತದೆ, ಗಾಡಿ ತುಸು ತಗ್ಗುತ್ತದೆ. ಹೀಗೆ ತಗ್ಗುವಾಗ ಎಲ್ಲ ಮೂಲೆಗಳೂ ಒಟ್ಟಿಗೆ ತಗ್ಗುತ್ತವೆ, ಮಧ್ಯಾಹ್ನದ ಬಿಸಿಲಿಗೆ ಮತ್ತೆ ಏರುತ್ತವೆ. ಸೋರಿಕೆಯಾದರೆ ಸಾಮಾನ್ಯವಾಗಿ ಒಂದೇ ಮೂಲೆ (ಮುಂದೆ ಎರಡೂ ಬದಿಗೆ ಒಂದೇ ವಾಲ್ವ್ ಇದ್ದರೆ ಇಡೀ ಮುಂಭಾಗ), ಮತ್ತು ಬಿಸಿಲು ಬಂದರೂ ಏರುವುದಿಲ್ಲ.

ಸಹಾಯಕ ಬ್ಯಾಗ್ ಇರುವವರಿಗೆ ಇನ್ನೊಂದು ಬಲೆ ಇದೆ. ಈ ಬ್ಯಾಗುಗಳ ಒಳಗಿನ ಜಾಗ ಬಹಳ ಕಡಿಮೆ. ಟೈರ್ ಗೇಜನ್ನು ವಾಲ್ವಿಗೆ ಒತ್ತಿ ಹಿಡಿದ ಪ್ರತಿ ಸಲವೂ ಗೇಜಿನ ಪೈಪ್ ತುಂಬಲು, ಒತ್ತುವಾಗ ಪುಸ್ಸೆನ್ನಲು ಸ್ವಲ್ಪ ಗಾಳಿ ಹೋಗುತ್ತದೆ, ಒತ್ತಡ ಕಣ್ಣಿಗೆ ಕಾಣುವಷ್ಟು ಬೀಳುತ್ತದೆ. ದಿನಕ್ಕೆ ನಾಲ್ಕು ಸಲ ಪರೀಕ್ಷಿಸಿ ‘ಸೋರುತ್ತಿದೆ’ ಎನ್ನುವವರು ಸೋರಿಸುತ್ತಿರುವುದು ತಾವೇ. ತುಂಬಿದ ಮೇಲೆ ಒಮ್ಮೆ, ಮರುದಿನ ಅದೇ ಹೊತ್ತಿಗೆ ಒಮ್ಮೆ, ಅಷ್ಟು ಸಾಕು.

ಎಷ್ಟು ಇಳಿದರೆ ತಲೆ ಕೆಡಿಸಿಕೊಳ್ಳಬೇಕು? ಹತ್ತಾರು ಜಾಯಿಂಟುಗಳಿರುವ ದೊಡ್ಡ ಗಾಡಿ ಎರಡು ಮೂರು ವಾರ ನಿಂತಲ್ಲೇ ನಿಂತು ಕೂತರೆ ನಾನಂತೂ ಅದರ ಬೆನ್ನು ಹತ್ತುವುದಿಲ್ಲ. ಒಂದೇ ರಾತ್ರಿಯಲ್ಲಿ ಕೂತರೆ ಹುಡುಕಲೇಬೇಕು, ಹುಡುಕಿದರೆ ಸಿಗುವಷ್ಟು ದೊಡ್ಡ ಸೋರಿಕೆ ಅದು. ಎರಡು ಮೂರು ದಿನದ್ದು ನಡುವಿನದು, ತಾಳ್ಮೆ ಬೇಡುವುದೇ ಇದು.

ಟ್ಯಾಂಕಿನ ಮುಳ್ಳು ಹೇಳುವ ಕಥೆ

ದೊಡ್ಡ ಗಾಡಿಗಳಲ್ಲಿ ಡ್ಯಾಶ್‌ಬೋರ್ಡಿನ ಎರಡು ಮುಳ್ಳುಗಳು ತೋರಿಸುವುದು ಬ್ರೇಕ್ ಟ್ಯಾಂಕ್‌ಗಳ ಒತ್ತಡವನ್ನು, ಸಸ್ಪೆನ್ಷನ್‌ನದ್ದಲ್ಲ. ಇವೆರಡರ ನಡುವೆ ಸಾಮಾನ್ಯವಾಗಿ ಒಂದು ಪ್ರೆಶರ್ ಪ್ರೊಟೆಕ್ಷನ್ ವಾಲ್ವ್ ಇರುತ್ತದೆ. ಟ್ಯಾಂಕಿನ ಒತ್ತಡ ಸುಮಾರು 65–70 ಪಿಎಸ್‌ಐಗೆ ಇಳಿದರೆ ಅದು ಮುಚ್ಚಿಕೊಂಡು, ಸಸ್ಪೆನ್ಷನ್ ಸೋರಿದರೂ ಬ್ರೇಕಿಗೆ ಗಾಳಿ ಉಳಿಯುವಂತೆ ನೋಡಿಕೊಳ್ಳುತ್ತದೆ.

ಈಗ ಒಂದು ಬ್ಯಾಗ್ ಸೋರುತ್ತಿದೆ ಎಂದುಕೊಳ್ಳಿ. ಮೂಲೆ ತುಸು ತಗ್ಗಿದೊಡನೆ ಹೈಟ್ ವಾಲ್ವಿನ ಲಿವರ್ ಮೇಲಕ್ಕೆ ತಿರುಗಿ, ಟ್ಯಾಂಕಿನಿಂದ ಗಾಳಿ ತುಂಬಿಸುತ್ತದೆ. ಹಾಗಾಗಿ ಮೊದಲ ಕೆಲವು ಗಂಟೆ ಗಾಡಿ ನೆಟ್ಟಗೇ ನಿಂತಿರುತ್ತದೆ, ಇಳಿಯುವುದು ಟ್ಯಾಂಕಿನ ಮುಳ್ಳು. ಪ್ರೊಟೆಕ್ಷನ್ ವಾಲ್ವ್ ಮುಚ್ಚಿದ ಮೇಲೆ ತುಂಬಿಕೊಡುವವರಿಲ್ಲ, ಆಗ ಮೂಲೆ ಕೂರಲು ಶುರು. ಮಧ್ಯರಾತ್ರಿಯ ನಂತರವಷ್ಟೇ ಕೂತಿತು ಎಂದರೆ ಸೋರಿಕೆ ಮಧ್ಯರಾತ್ರಿ ಶುರುವಾಯಿತು ಎಂದಲ್ಲ.

ಮುಳ್ಳು 65–70ರ ಹತ್ತಿರ ಬಂದು ಅಲ್ಲೇ ನಿಂತು, ಮೂಲೆ ಕೂತರೆ ಸೋರಿಕೆ ಸಸ್ಪೆನ್ಷನ್ ಕಡೆಯದು ಅಥವಾ ಅದೇ ಲೈನಿನಿಂದ ಗಾಳಿ ಪಡೆಯುವ ಹಾರ್ನ್, ಡ್ರೈವರ್ ಸೀಟಿನಂಥದ್ದು. ಸೀಟನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ಅದರ ಕೆಳಗಿನ ಪುಟ್ಟ ಏರ್ ಬ್ಯಾಗ್ ಹಗಲೂ ರಾತ್ರಿ ಸೋರುತ್ತಿರಬಹುದು. ಮುಳ್ಳು ಸೊನ್ನೆಗೆ ಇಳಿದೂ ಗಾಡಿ ನೆಟ್ಟಗೆ ನಿಂತಿದ್ದರೆ ಸೋರಿಕೆ ಟ್ಯಾಂಕ್, ಡ್ರೇನ್ ವಾಲ್ವ್, ಡ್ರೈಯರ್, ಬ್ರೇಕ್ ಇವುಗಳ ಕಡೆ. ಬ್ರೇಕಿನ ಭಾಗಗಳಿಗೆ ಮನೆಯಲ್ಲಿ ಕೈ ಹಾಕಬೇಡಿ, ಪರಿಣತರಿಗೆ ಕೊಡಿ. ಮುಳ್ಳು ಇಳಿಯದೆ ಮೂಲೆ ಮಾತ್ರ ಕೂತರೆ, ಎಂಜಿನ್ ಆಫ್ ಆದಾಗ ಹೈಟ್ ವಾಲ್ವುಗಳನ್ನೇ ಬೇರ್ಪಡಿಸುವ ಲೆವೆಲಿಂಗ್ ವ್ಯವಸ್ಥೆ ನಿಮ್ಮ ಗಾಡಿಯಲ್ಲಿರಬಹುದು. ಆಗ ಹುಡುಕಾಟ ಸೊಲೆನಾಯ್ಡ್ ಬ್ಲಾಕಿನಿಂದ ಬ್ಯಾಗ್‌ವರೆಗೆ ಸೀಮಿತ.

‘ಬ್ರೇಕ್ ಪರೀಕ್ಷೆಯಲ್ಲಿ ಪಾಸಾಗಿದೆ, ಇನ್ನೆಲ್ಲಿ ಸೋರಿಕೆ’ ಎನ್ನುವವರಿಗೆ ಒಂದು ಲೆಕ್ಕ. ಅಮೆರಿಕದ ವಾಣಿಜ್ಯ ಚಾಲನಾ ಪರೀಕ್ಷೆಯಲ್ಲಿ ಟ್ರೇಲರ್ ಇಲ್ಲದ ಒಂಟಿ ವಾಹನಕ್ಕೆ, ಎಂಜಿನ್ ನಿಲ್ಲಿಸಿ ಬ್ರೇಕ್ ಬಿಟ್ಟ ಸ್ಥಿತಿಯಲ್ಲಿ, ನಿಮಿಷಕ್ಕೆ 2 ಪಿಎಸ್‌ಐವರೆಗಿನ ಇಳಿತಕ್ಕೆ ಅವಕಾಶವಿದೆ. ಅದೇ ವೇಗದಲ್ಲಿ ಸೋರಿದರೆ ಅರ್ಧ ಗಂಟೆಯಲ್ಲಿ 60 ಪಿಎಸ್‌ಐ ಖಾಲಿ. ನಾವು ಹುಡುಕುತ್ತಿರುವ ಸೋರಿಕೆ ಇದಕ್ಕಿಂತ ಎಷ್ಟೋ ಪಾಲು ಸಣ್ಣದು, ಒಂದು ನಿಮಿಷದ ಪರೀಕ್ಷೆಯಲ್ಲಿ ಅದು ಸಿಗುವ ಮಾತೇ ಇಲ್ಲ.

ಸರ್ಕ್ಯೂಟನ್ನು ತುಂಡು ಮಾಡಿ ನೋಡುವುದು

ಮೂಲೆ ಗೊತ್ತಾಯಿತು. ಆ ಮೂಲೆಯಲ್ಲಿ ಬ್ಯಾಗ್, ಪೈಪು, ಹೈಟ್ ವಾಲ್ವ್, ಅದಕ್ಕೆ ಬರುವ ಸರಬರಾಜು ಲೈನು ಇಷ್ಟಿವೆ. ಮಧ್ಯದಲ್ಲಿ ಕತ್ತರಿಸಿದರೆ ಅರ್ಧ ಅನುಮಾನ ಕಳೆಯುತ್ತದೆ.

ಸ್ಟ್ಯಾಂಡ್ ಇಟ್ಟು, ಗಾಳಿ ಇಳಿಸಿ, ಹೈಟ್ ವಾಲ್ವಿನಿಂದ ಬ್ಯಾಗಿಗೆ ಹೋಗುವ ಪೈಪನ್ನು ವಾಲ್ವಿನ ಬುಡದಲ್ಲಿ ಬಿಚ್ಚಿ. ಆ ತುದಿಗೆ ಟೈರ್ ವಾಲ್ವ್ ಇರುವ ಒಂದು ಫಿಟ್ಟಿಂಗ್ ಸಿಕ್ಕಿಸಿ, ಹೊರಗಿನ ಕಂಪ್ರೆಸರ್‌ನಿಂದ ಗಾಡಿ ತನ್ನ ಎತ್ತರಕ್ಕೆ ಬರುವಷ್ಟು ತುಂಬಿ. ಬಿಚ್ಚಿದ ವಾಲ್ವಿನ ಬಾಯಿಗೂ ಒಂದು ಪ್ಲಗ್ ಹಾಕಿ. ರಾತ್ರಿ ಬಿಟ್ಟು ಬೆಳಿಗ್ಗೆ ಅಳೆಯಿರಿ. ಎತ್ತರ ಹಾಗೇ ಉಳಿದಿದ್ದರೆ ಬ್ಯಾಗೂ ಪೈಪೂ ನಿರಪರಾಧಿಗಳು, ತಪ್ಪು ವಾಲ್ವಿನದು ಅಥವಾ ಅದರ ಹಿಂದಿನದು. ಕೂತರೆ ವಾಲ್ವ್ ಬಚಾವು. ಹಿಂದಿನ ಆಕ್ಸಲ್‌ನಲ್ಲಿ ಒಂದು ಬದಿಗೆ ಎರಡು ಬ್ಯಾಗ್ ಇದ್ದರೆ ಅವುಗಳ ನಡುವಿನ ಟಿ ಜಾಯಿಂಟಿನಲ್ಲಿ ಇನ್ನೊಮ್ಮೆ ಹೀಗೇ ಮಾಡಬೇಕಾಗುತ್ತದೆ. ಒಂದು ರಾತ್ರಿ ಹೆಚ್ಚು ಹಿಡಿಯಬಹುದು, ಆದರೆ ಬಿಡಿಭಾಗಕ್ಕೆ ದುಡ್ಡು ಸುರಿಯುವ ಮೊದಲು ಉತ್ತರ ಕೈಯಲ್ಲಿರುತ್ತದೆ.

ಹೈಟ್ ವಾಲ್ವ್ ಮೇಲೆ ಅನುಮಾನ ಬಂದರೆ ಮೊದಲು ಅದರ ಲಿಂಕ್ ನೋಡಿ. ರಬ್ಬರ್ ಬುಶ್ ಸವೆದು ರಾಡ್ ಸಡಿಲವಾಗಿದ್ದರೆ ಲಿವರ್ ತಟಸ್ಥ ಜಾಗದಲ್ಲಿ ನಿಲ್ಲದೆ ಗಾಳಿ ಬಿಡುತ್ತಲೇ ಇರುತ್ತದೆ. ಅದು ಸೋರಿಕೆಯಲ್ಲ, ವಾಲ್ವ್ ತನಗೆ ಹೇಳಿದ್ದನ್ನೇ ಮಾಡುತ್ತಿದೆ. ಲಿಂಕ್ ಸರಿಯಿದ್ದರೆ ವಾಲ್ವಿನ ಎಕ್ಸಾಸ್ಟ್ ರಂಧ್ರವನ್ನು ಒರೆಸಿ, ಅದಕ್ಕೆ ಸೋಪಿನ ಪೊರೆ ಕಟ್ಟಿ. ಲಿವರ್ ತಟಸ್ಥವಾಗಿರುವಾಗ ಗುಳ್ಳೆ ಊದಿಕೊಳ್ಳುತ್ತಾ ಹೋದರೆ ಒಳಗಿನ ಸೀಲು ಹೋಗಿದೆ. ತೀರಾ ಚಿಕ್ಕ ಗುಳ್ಳೆಗೆ ಹೆದರಬೇಡಿ, 5 ಸೆಕೆಂಡಿಗೆ 1 ಇಂಚಿನ ಗುಳ್ಳೆಯವರೆಗೆ ಸರಿ ಎನ್ನುವ ತಯಾರಕರಿದ್ದಾರೆ. ನಿಮ್ಮ ವಾಲ್ವಿನ ಸರ್ವಿಸ್ ಹಾಳೆಯಲ್ಲಿ ಏನಿದೆ ನೋಡಿಕೊಳ್ಳಿ.

ಟ್ಯಾಂಕ್ ಖಾಲಿಯಾದಂತೆ ಬ್ಯಾಗೂ ಖಾಲಿಯಾಗುತ್ತಿದ್ದರೆ ಒಮ್ಮುಖ ಕವಾಟವನ್ನು ಪರೀಕ್ಷಿಸಿ. ಬ್ಯಾಗಿನ ಗಾಳಿ ಟ್ಯಾಂಕಿನತ್ತ ಹಿಂದಿರುಗದಂತೆ ಇದು ತಡೆಯುತ್ತದೆ, ಅನೇಕ ಹೈಟ್ ವಾಲ್ವುಗಳ ಒಳಗೇ ಇರುತ್ತದೆ. ಸಸ್ಪೆನ್ಷನ್‌ಗೆ ಗಾಳಿ ಕೊಡುವ ಟ್ಯಾಂಕನ್ನೂ ಲೈನನ್ನೂ ಖಾಲಿ ಮಾಡಿ ಸರಬರಾಜು ಪೈಪು ಕಳಚಿ, ವಾಲ್ವಿನ ಆ ಬಾಯಿಗೆ ಸೋಪು ಹಚ್ಚಿ. ಗುಳ್ಳೆ ಬಂದರೆ ಬ್ಯಾಗಿನ ಗಾಳಿ ಹಿಮ್ಮುಖವಾಗಿ ಬರುತ್ತಿದೆ.

ಸಹಾಯಕ ಬ್ಯಾಗ್ ಇರುವವರಿಗೆ ಕೆಲಸ ಸುಲಭ. ಎರಡೂ ಬದಿಯ ಗಾಳಿ ಇಳಿಸಿ, ಗೇಜ್ ಪ್ಯಾನೆಲಿನ ಹಿಂದೆ ಎಡ ಬಲ ಪೈಪುಗಳನ್ನು ಅದಲುಬದಲು ಮಾಡಿ ಮತ್ತೆ ತುಂಬಿ. ಇಳಿಯುವ ಮುಳ್ಳು ಬದಲಾಗದೆ ಅದೇ ಉಳಿದರೆ ದೋಷ ಪ್ಯಾನೆಲಿನಲ್ಲಿದೆ. ಮುಳ್ಳು ಬದಲಾದರೆ ದೋಷ ಪೈಪು ಅಥವಾ ಬ್ಯಾಗಿನದು. ನನ್ನ ಬಾಜಿ ಪ್ಯಾನೆಲ್ ಮೇಲೆ. ಗೇಜಿಗೆ ಸಿಕ್ಕಿಸಿದ ಸಣ್ಣ ಪೈಪು ಡ್ಯಾಶ್‌ಬೋರ್ಡಿನ ಹಿಂದೆ ಇಕ್ಕಟ್ಟಿನಲ್ಲಿ ಬಾಗಿ, ಫಿಟ್ಟಿಂಗಿನ ಓ-ರಿಂಗ್ (ಸಂದಿ ಮುಚ್ಚುವ ರಬ್ಬರ್ ಉಂಗುರ) ಮೇಲೆ ಒಂದೇ ಕಡೆ ಒತ್ತುತ್ತಿರುತ್ತದೆ. ಬೆನ್ನ ಮೇಲೆ ಮಲಗಿ ಬ್ಯಾಗ್ ನೋಡುವ ಮೊದಲು ಸೀಟಿನಲ್ಲಿ ಕೂತೇ ಇದನ್ನು ಮುಗಿಸಬಹುದಲ್ಲ.

ಈಗ ಸೋಪು

ಪಾತ್ರೆ ತೊಳೆಯುವ ದ್ರವವನ್ನು ನೀರಿಗೆ ಧಾರಾಳವಾಗಿ ಬೆರೆಸಿ, ಕುಲುಕದೆ ನಿಧಾನವಾಗಿ ಕದಡಿ. ಬಾಟಲಿಯಲ್ಲೇ ನೊರೆ ಬಂದರೆ ಹಚ್ಚಿದ ಕಡೆಯೆಲ್ಲ ಗುಳ್ಳೆ, ಯಾವುದು ಸೋರಿಕೆಯದು ಎಂದು ತಿಳಿಯುವುದಿಲ್ಲ. ಅಮೋನಿಯಾ ಇರುವ ಕ್ಲೀನರ್ ಬೇಡವೇ ಬೇಡ, ಹಿತ್ತಾಳೆ ಫಿಟ್ಟಿಂಗುಗಳಲ್ಲಿ ಅದು ಬಿರುಕು ತರಿಸುತ್ತದೆ.

ಹಚ್ಚುವ ಮೊದಲು ಜಾಗವನ್ನು ಒರೆಸಿ. ಎಂಜಿನ್ ಬದಲು ಹೊರಗಿನ ಕಂಪ್ರೆಸರ್‌ನಿಂದ ತುಂಬಿ, ಅದನ್ನೂ ಆಫ್ ಮಾಡಿ, ನಿಶ್ಶಬ್ದದಲ್ಲಿ ಕೆಲಸ ಮಾಡಿ. ಬ್ರಶ್‌ನಿಂದ ಪೂರ್ತಿ ಸುತ್ತುವಂತೆ ಹಚ್ಚಿ, ಆಮೇಲೆ ಸುಮ್ಮನೆ ಕಾಯಿರಿ. ಎಲ್ಲರೂ ಆತುರಪಡುವುದು ಇಲ್ಲೇ. ಚುಮುಕಿಸಿ ಎರಡು ಸೆಕೆಂಡ್ ನೋಡಿ ಮುಂದಿನ ಜಾಯಿಂಟಿಗೆ ಹೋಗುತ್ತಾರೆ. ದೊಡ್ಡ ಸೋರಿಕೆ ಹಾಗೆ ಸಿಗುತ್ತದೆ, ರಾತ್ರಿಯಿಡೀ ಬೇಕಾಗುವ ಸೋರಿಕೆ ಸಿಗುವುದಿಲ್ಲ. ಅದು ದೊಡ್ಡ ಗುಳ್ಳೆ ಊದುವುದೇ ಇಲ್ಲ. ಪುಶ್ ಫಿಟ್ಟಿಂಗಿನ (ಪೈಪನ್ನು ಒತ್ತಿ ಸಿಕ್ಕಿಸುವ ಬಗೆ) ಕಾಲರಿಗೂ ಪೈಪಿಗೂ ನಡುವಿನ ಕೂದಲೆಳೆಯ ಸಂದಿಯಲ್ಲಿ ಮೊದಲು ಏನೂ ಕಾಣುವುದಿಲ್ಲ. ಐದು ನಿಮಿಷ ಕಳೆದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ, ಗುಂಡುಸೂಜಿ ತಲೆಗಿಂತ ಸಣ್ಣ ಗುಳ್ಳೆಗಳು ಒಂದಕ್ಕೊಂದು ಅಂಟಿಕೊಂಡು ಕಾಲರಿನ ಒಂದೇ ಬದಿಯಲ್ಲಿ ಬಿಳಿ ಅಂಚು ಕಟ್ಟಿರುತ್ತವೆ. ಒರೆಸಿ ಮತ್ತೆ ಹಚ್ಚಿ. ಅದೇ ಜಾಗದಲ್ಲಿ ಮತ್ತೆ ಬಿಳಿ ಅಂಚು ಬಂದರೆ ಸಿಕ್ಕಿತು ಎನ್ನಬಹುದು.

ಏನೂ ಬರದಿದ್ದರೆ ಪೈಪನ್ನು ಬೆರಳಿನಿಂದ ಪಕ್ಕಕ್ಕೆ ಮೆಲ್ಲಗೆ ಒತ್ತಿ ಹಿಡಿದು ನೋಡಿ. ಎಷ್ಟೋ ಫಿಟ್ಟಿಂಗುಗಳು ನೆಟ್ಟಗಿರುವಾಗ ಮುಚ್ಚಿಕೊಂಡು, ಪೈಪು ಒಂದು ಬದಿಗೆ ಎಳೆದಾಗ ಮಾತ್ರ ಸೋರುತ್ತವೆ.

ನೋಡುವ ಕ್ರಮ ನನ್ನ ಪ್ರಕಾರ ಹೀಗೆ: ಟೈರ್ ವಾಲ್ವಿನ ಪಿನ್ನು, ಗೇಜಿನ ಹಿಂಬದಿ, ಟಿ ಜಾಯಿಂಟುಗಳು, ಹೈಟ್ ವಾಲ್ವಿನ ಮೂರೂ ಬಾಯಿ, ಸೊಲೆನಾಯ್ಡ್ ಬ್ಲಾಕ್, ಬ್ಯಾಗಿನ ತಲೆಯ ಮೇಲಿನ ಫಿಟ್ಟಿಂಗ್. ಈ ಕೊನೆಯದು ಚಾಸಿಯ ಬ್ರಾಕೆಟ್ಟಿನೊಳಗೆ ಅಡಗಿರುತ್ತದೆ, ಸಣ್ಣ ಕನ್ನಡಿ ಬೇಕು. ಆಮೇಲೆ ಪೈಪಿನ ಉದ್ದಕ್ಕೂ ಬನ್ನಿ: ಚಾಸಿಯ ತೂತಿನ ಅಂಚಿಗೆ ಉಜ್ಜುವ ಕಡೆ, ಎಕ್ಸಾಸ್ಟ್ ಹತ್ತಿರ ಹಾದುಹೋಗುವ ಕಡೆ, ಪ್ಲಾಸ್ಟಿಕ್ ಪಟ್ಟಿ ಬಿಗಿಯಾಗಿ ಕಚ್ಚಿದ ಕಡೆ.

ಬ್ಯಾಗಿನಲ್ಲಿ ನೋಡಬೇಕಾದ್ದು ಮೂರು ಜಾಗ. ಮೇಲಿನ ಉಕ್ಕಿನ ತಟ್ಟೆಗೆ ರಬ್ಬರ್ ಕಚ್ಚಿಕೊಂಡಿರುವ ಅಂಚು (ತುಕ್ಕು ಅಲ್ಲೇ ಶುರುವಾಗುವುದು), ಬ್ಯಾಗಿನ ಬುಡದ ಪಿಸ್ಟನ್ ಮೇಲೆ ರಬ್ಬರ್ ಮಡಚಿ ಉರುಳುವ ಭಾಗ, ಮತ್ತು ಬೇರೆ ಯಾವುದಾದರೂ ಪೈಪು ಬಂದು ಉಜ್ಜಿದ ಗುರುತು. ಮಡಿಕೆಯ ಒಳಗಿನ ಬಿರುಕು ಒಂದು ಎತ್ತರದಲ್ಲಿ ಮುಚ್ಚಿ, ಇನ್ನೊಂದರಲ್ಲಿ ತೆರೆದುಕೊಳ್ಳುತ್ತದೆ. ಆದ್ದರಿಂದ ಗಾಡಿಯನ್ನು ಓಡಿಸುವ ಎತ್ತರದಲ್ಲೊಮ್ಮೆ, ಗರಿಷ್ಠ ಎತ್ತಿ ಒಮ್ಮೆ ಪರೀಕ್ಷಿಸಿ. ಎತ್ತರ ಬದಲಿಸುವಾಗ ಕೆಳಗೆ ಯಾರೂ ಇರಬಾರದು, ಬದಲಿಸಿದ ಮೇಲೆ ಸ್ಟ್ಯಾಂಡ್ ಹೊಸ ಎತ್ತರಕ್ಕೆ ಇಟ್ಟೇ ಮತ್ತೆ ಇಳಿಯಿರಿ.

ಚಳಿಯ ಬೆಳಿಗ್ಗೆ ಮಾತ್ರ ಕೂರುವ ಗಾಡಿಯನ್ನು ಮಧ್ಯಾಹ್ನದ ಬಿಸಿಲಲ್ಲಿ ಪರೀಕ್ಷಿಸಿದರೆ ಏನೂ ಸಿಗುವುದಿಲ್ಲ. ಹಳೆಯ ಓ-ರಿಂಗ್ ತಂಪಿಗೆ ಗಡುಸಾಗಿ ಕುಗ್ಗಿದಾಗಲೇ ಸೋರುತ್ತದೆ, ನಸುಕಿನಲ್ಲೇ ಎದ್ದು ಸೋಪು ಹಚ್ಚಬೇಕು. ಸೋಪು ತಲುಪದ ಜಾಗಕ್ಕೆ ಅಲ್ಟ್ರಾಸಾನಿಕ್ ಡಿಟೆಕ್ಟರ್ ಎಂಬ ಉಪಕರಣವಿದೆ. ಸೋರುವ ಗಾಳಿ ಹೊರಡಿಸುವ, ಮನುಷ್ಯರ ಕಿವಿಗೆ ಕೇಳದ 40 ಕಿಲೋಹರ್ಟ್ಸ್ ಆಸುಪಾಸಿನ ಸದ್ದನ್ನು ಅದು ಕೇಳುವಂತೆ ಮಾಡುತ್ತದೆ. ಬಾಡಿಗೆಗೆ ಸಿಕ್ಕರೆ ತನ್ನಿ, ಒಂದು ಸೋರಿಕೆಗಾಗಿ ಕೊಳ್ಳುವುದು ನನಗೆ ದುಬಾರಿ ಎನಿಸುತ್ತದೆ. ಕೆಲಸ ಮುಗಿದ ಮೇಲೆ ಸೋಪನ್ನು ಶುದ್ಧ ನೀರಿನಿಂದ ತೊಳೆಯಿರಿ.

ರಿಪೇರಿ

ಪುಶ್ ಫಿಟ್ಟಿಂಗಿನಲ್ಲಿ ಸೋರಿದರೆ ಮೊದಲು ಪೈಪಿನ ತುದಿ ನೋಡಿ. ಗಾಳಿ ಇಳಿಸಿ, ಕಾಲರ್ ಒತ್ತಿ ಹಿಡಿದು ಪೈಪನ್ನು ಹೊರಗೆಳೆದರೆ ತುದಿಯಲ್ಲಿ ಹಲ್ಲು ಕಚ್ಚಿದ ಗೀರುಗಳು ಕಾಣುತ್ತವೆ. ಉದ್ದಕ್ಕೂ ಓಡಿದ ಒಂದೇ ಒಂದು ಗೀರು ಓ-ರಿಂಗಿನ ಕೆಳಗೆ ಗಾಳಿಗೆ ದಾರಿ ಮಾಡಿಕೊಡುತ್ತದೆ. ಪೈಪಿಗೆ ಸಡಿಲ ಇದ್ದರೆ ಆ ಭಾಗವನ್ನು ಕತ್ತರಿಸಿ ಹಾಕಿ, 15–20 ಮಿಲಿಮೀಟರ್ ಸಾಕು. ಕತ್ತರಿಸಲು ಪೈಪ್ ಕಟರನ್ನೇ ಬಳಸಿ. ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿದರೆ ತುದಿ ಚಪ್ಪಟೆಯಾಗಿ ಓರೆಯಾಗುತ್ತದೆ, ಹೊಸ ಸೋರಿಕೆಗೆ ನೀವೇ ನಾಂದಿ ಹಾಡಿದಂತೆ. ಫಿಟ್ಟಿಂಗ್ ಎಷ್ಟು ಆಳ ನುಂಗುತ್ತದೆ ಎಂದು ಪೈಪಿನ ಮೇಲೆ ಗುರುತು ಹಾಕಿಕೊಂಡು, ಗುರುತು ಮರೆಯಾಗುವವರೆಗೆ ಒತ್ತಿ, ಒಮ್ಮೆ ಹಿಂದಕ್ಕೆ ಎಳೆದು ನೋಡಿ.

ಅಳತೆಯ ಗೊಂದಲ ಇಲ್ಲಿ ಬಹಳ ಜನರನ್ನು ಕಾಡುತ್ತದೆ. ಕಾಲು ಇಂಚಿನ ಪೈಪೆಂದರೆ 6.35 ಮಿಲಿಮೀಟರ್. 6 ಮಿಲಿಮೀಟರ್ ಪೈಪು ಅದರ ಫಿಟ್ಟಿಂಗಿಗೆ ಹಾಯಾಗಿ ಕೂರುತ್ತದೆ, ಮೊದಲ ದಿನ ಗಾಳಿಯನ್ನೂ ಹಿಡಿಯಬಹುದು, ಆಮೇಲೆ ವರ್ಷವಿಡೀ ಸೋರುತ್ತದೆ. ಬೇರೆ ಬೇರೆ ಕಡೆ ರಿಪೇರಿಯಾದ ಗಾಡಿಗಳಲ್ಲಿ ಎರಡೂ ಅಳತೆ ಬೆರೆತಿರುವುದುಂಟು. ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆದೇ ಕೊಳ್ಳಿ. ಹೊಸ ಪೈಪು ಏರ್ ಬ್ರೇಕ್ ದರ್ಜೆಯ ನೈಲಾನ್ ಆಗಿರಲಿ.

ಹಿತ್ತಾಳೆಯ ಥ್ರೆಡ್ ಇರುವ ಫಿಟ್ಟಿಂಗಿಗೆ ಟೆಫ್ಲಾನ್ ಟೇಪಿಗಿಂತ ಸೀಲಿಂಗ್ ಪೇಸ್ಟ್ ವಾಸಿ. ಟೇಪಿನ ಚೂರು ಹರಿದು ಹೈಟ್ ವಾಲ್ವಿನ ಒಳಗೆ ಹೊಕ್ಕರೆ ಒಂದು ಸೋರಿಕೆ ಮುಚ್ಚಿ ಇನ್ನೊಂದನ್ನು ತೆರೆದಂತಾಯಿತು. ಪೇಸ್ಟನ್ನೂ ಮೊದಲ ಒಂದೆರಡು ಎಳೆ ಬಿಟ್ಟು ಹಚ್ಚಿ. ಸೋರುವ ಕಂಪ್ರೆಶನ್ ನಟ್ಟನ್ನು ಕಾಲು ಸುತ್ತು ಬಿಗಿದು ನೋಡಬಹುದು. ಅದಕ್ಕೂ ನಿಲ್ಲದಿದ್ದರೆ ಬಿಗಿಯುತ್ತಲೇ ಹೋಗಬೇಡಿ, ಒಳಗಿನ ಉಂಗುರವನ್ನೇ ಬದಲಿಸಿ.

ಹೈಟ್ ವಾಲ್ವನ್ನು ಬಿಚ್ಚಿ ರಿಪೇರಿ ಮಾಡುವುದಕ್ಕಿಂತ ಹೊಸದು ಹಾಕುವುದೇ ಲೇಸು. ಆದರೆ ಹೊಸದನ್ನು ಹಾಕಿದ ಮೇಲೆ ಗಾಡಿಯ ಎತ್ತರವನ್ನು ತಯಾರಕರು ಹೇಳಿದ ಅಳತೆಗೆ ಹೊಂದಿಸಲೇಬೇಕು. ‘ನೋಡಲು ಸಮ ಇದೆ’ ಎಂದು ಬಿಟ್ಟರೆ ಡ್ರೈವ್ ಶಾಫ್ಟಿನ ಕೋನ ಬದಲಾಗಿ ನಡುಕ ಶುರುವಾಗುತ್ತದೆ, ಟೈರುಗಳು ಓರೆ ಸವೆಯುತ್ತವೆ.

ಬ್ಯಾಗ್ ಸೋರಿದರೆ ಬದಲಿಸುವುದೊಂದೇ ದಾರಿ. ಪ್ಯಾಚ್, ಅಂಟು, ಟೈರ್ ಪಂಕ್ಚರ್ ದ್ರವ ಯಾವುದೂ ಬೇಡ. ಆ ದ್ರವ ಬ್ಯಾಗನ್ನು ಮುಚ್ಚುವುದಕ್ಕಿಂತ ಮೊದಲು ವಾಲ್ವುಗಳನ್ನು ಮುಚ್ಚುತ್ತದೆ. ಮೇಲ್ಮೈಯ ನವಿರು ಗೀರುಗಳು ವಯಸ್ಸಿನ ಗುರುತು ಅಷ್ಟೇ, ಒಳಗಿನ ನೂಲು ಕಂಡರೆ ಮಾತ್ರ ಆ ಬ್ಯಾಗಿನ ಮೇಲೆ ಇನ್ನೊಂದು ಪ್ರಯಾಣ ಮಾಡಬೇಡಿ. ಕಲ್ಲು ತಾಗಿ ಹರಿದದ್ದಾದರೆ ಒಂದನ್ನೇ ಬದಲಿಸಬಹುದು. ವಯಸ್ಸಾಗಿ ಬಿರಿದದ್ದಾದರೆ ಅದೇ ಆಕ್ಸಲಿನ ಇನ್ನೊಂದು ಬದಿಯದೂ ಸರದಿಯಲ್ಲಿದೆ, ಎರಡನ್ನೂ ಹಾಕಿಸಿ. ಗಾಡಿಗೆ ಕೂರಿಸದೆ ಹೊಸ ಬ್ಯಾಗಿಗೆ ಗಾಳಿ ತುಂಬಬಾರದು, ತಡೆಯಿಲ್ಲದೆ ಹಿಗ್ಗಿ ಸಿಡಿಯಬಹುದು. ಕೂರಿಸಿದ ಮೇಲೆ ಸುಮಾರು 10 ಪಿಎಸ್‌ಐ ಕೊಟ್ಟು ಮಡಿಕೆ ಸರಿಯಾಗಿ ಬಿದ್ದಿದೆಯೇ ನೋಡಿ, ಆಮೇಲೆ ಭಾರ ಇಳಿಸಿ. ಖಾಲಿ ಬ್ಯಾಗಿನ ಮೇಲೆ ಗಾಡಿ ಇಳಿಸಿದರೆ ರಬ್ಬರ್ ಲೋಹದ ನಡುವೆ ಸಿಕ್ಕಿ ಮೊದಲ ದಿನವೇ ಕತ್ತರಿಸುತ್ತದೆ. ಸಹಾಯಕ ಬ್ಯಾಗ್‌ಗಳಲ್ಲಿ ಕನಿಷ್ಠ ಒತ್ತಡ ಉಳಿಸಿ ಎಂದು ಕಿಟ್‌ನ ಕೈಪಿಡಿಗಳು ಹೇಳುವುದೂ ಇದಕ್ಕೇ.

ವಾಲ್ವುಗಳು ಒಂದಾದ ಮೇಲೊಂದು ಸೋರುತ್ತಿದ್ದರೆ ಟ್ಯಾಂಕಿನ ಡ್ರೇನ್ ತೆರೆದು ಏನು ಬರುತ್ತದೆ ನೋಡಿ. ಸ್ವಲ್ಪ ತೇವ ಬಂದರೆ ಚಿಂತೆಯಿಲ್ಲ. ನೀರು ಸುರಿದರೆ, ಬಿಳಿ ಪುಡಿ ಬಂದರೆ ಏರ್ ಡ್ರೈಯರ್‌ನ ಕಾರ್ಟ್ರಿಜ್ ಮುಗಿದಿದೆ. ಆ ಪುಡಿಯೇ ವಾಲ್ವಿನ ಸೀಲುಗಳ ಮೇಲೆ ಕೂತು ಸೋರಿಸುತ್ತಿರುತ್ತದೆ. ಜಿಡ್ಡು ಎಣ್ಣೆ ಬಂದರೆ ಕಂಪ್ರೆಸರ್ ಎಣ್ಣೆ ದಾಟಿಸುತ್ತಿದೆ. ಇವನ್ನು ಸರಿಪಡಿಸದೆ ಹೊಸ ವಾಲ್ವ್ ಹಾಕಿದರೆ ಅದಕ್ಕೂ ಅದೇ ಗತಿ.

ರಿಪೇರಿಯಾದ ಮೇಲೆ ಅದೇ ಚುಕ್ಕೆಗಳ ನಡುವೆ ಅದೇ 24 ಗಂಟೆಯ ಅಳತೆ ಮತ್ತೊಮ್ಮೆ ಮಾಡಿ, ಹಳೆಯ ಚೀಟಿಯ ಪಕ್ಕದಲ್ಲೇ ಬರೆಯಿರಿ. ಮೊದಲು 8 ಗಂಟೆಯಲ್ಲಿ ಕೂರುತ್ತಿದ್ದದ್ದು ಈಗ ಮೂರು ದಿನ ಹಿಡಿದರೆ ನಿಮ್ಮ ರಿಪೇರಿ ಕೆಟ್ಟಿಲ್ಲ. ದೊಡ್ಡ ಸೋರಿಕೆಯ ಹಿಂದೆ ಅಡಗಿದ್ದ ಚಿಕ್ಕದು ಈಗ ಕಾಣಿಸಿಕೊಂಡಿದೆ. ಪೈಪು ಬಿಚ್ಚಿ ತುಂಡು ಮಾಡುವ ಪರೀಕ್ಷೆಯಿಂದಲೇ ಮತ್ತೆ ಶುರು ಮಾಡಿ. ಎರಡನೆಯ ಸುತ್ತಿನಲ್ಲೂ ಸಿಗದಿದ್ದರೆ ಆ ಚೀಟಿಯನ್ನೇ ವರ್ಕ್‌ಶಾಪಿಗೆ ಕೊಡಿ. ಯಾವ ಮೂಲೆ, ಎಷ್ಟು ಗಂಟೆಗೆ ಎಷ್ಟು ಮಿಲಿಮೀಟರ್, ಟ್ಯಾಂಕ್ ಎಲ್ಲಿಗೆ ಬಂದು ನಿಂತಿತು ಎಂಬುದು ಅದರಲ್ಲಿದ್ದರೆ ಮೆಕ್ಯಾನಿಕ್ ನೀವು ಈಗಾಗಲೇ ಪರೀಕ್ಷಿಸಿದ ಭಾಗಗಳನ್ನು ಮತ್ತೆ ಬಿಚ್ಚಿ ಗಂಟೆಗಳ ಲೆಕ್ಕ ಏರಿಸಬೇಕಾಗಿಲ್ಲ.